ಮನೆ ಕಂಪ್ಯೂಟರ್‌ಗೆ ಐಪಿ ವಿಳಾಸ ಹೊಂದಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯದ ಮನೆಗಳಲ್ಲಿ ಈಗ ಒಂದು ಫೈಬರ್ ಬಾಕ್ಸಿಗೆ ಫೋನು, ಟಿವಿ, ಲ್ಯಾಪ್‌ಟಾಪು, ಪ್ರಿಂಟರು, ಗೇಟಿನ ಕ್ಯಾಮೆರಾ ಎಲ್ಲವೂ ಜೋತುಬಿದ್ದಿವೆ. 'ನೆಟ್ ಬರ್ತಿಲ್ಲ' ಎಂದು ಕಂಪನಿಗೆ ಫೋನ್ ಹಚ್ಚುವ ಮೊದಲು ಎರಡು ನಿಮಿಷ ಕೂತು ಐಪಿ ವಿಳಾಸ ನೋಡಿದರೆ ತೊಂದರೆ ಮನೆಯೊಳಗಿನದೋ ಹೊರಗಿನದೋ ಗೊತ್ತಾಗಿಬಿಡುತ್ತದೆ. ಇಲ್ಲಿರುವ ಉತ್ತರಗಳೆಲ್ಲ ಒಂದೇ ನಿಲುವಿನ ಮೇಲೆ ನಿಂತಿವೆ: ಕಂಪ್ಯೂಟರನ್ನು ಆಟೊಮ್ಯಾಟಿಕ್‌ನಲ್ಲೇ ಇರಲು ಬಿಡಿ. ಯಾವುದಕ್ಕಾದರೂ ಕಾಯಂ ವಿಳಾಸ ಬೇಕಿದ್ದರೆ ಅದನ್ನು ರೌಟರ್‌ನಲ್ಲಿ, ಅಂದರೆ ಆ ಫೈಬರ್ ಬಾಕ್ಸಿನಲ್ಲಿ, ಗೊತ್ತುಮಾಡಿ.

ಐಪಿ ವಿಳಾಸ, ಸಬ್‌ನೆಟ್ ಮಾಸ್ಕ್, ಗೇಟ್‌ವೇ, ಡಿಎನ್‌ಎಸ್: ಈ ನಾಲ್ಕು ಏನು?

ಮೈಸೂರಿನವರಿಗೆ ಮೊಹಲ್ಲಾ ಗೊತ್ತು, ಅದರಿಂದಲೇ ಶುರುಮಾಡೋಣ. 192.168.1.25 ಎಂಬ ವಿಳಾಸ, 255.255.255.0 ಎಂಬ ಮಾಸ್ಕ್ ಇದೆ ಎನ್ನಿ. ಮಾಸ್ಕ್‌ನಲ್ಲಿ 255 ಇರುವ ಮೂರು ಭಾಗಗಳು, ಅಂದರೆ 192.168.1, ಮೊಹಲ್ಲಾದ ಹೆಸರಿದ್ದಂತೆ. 0 ಇರುವ ಕೊನೆಯ ಭಾಗ ಮನೆ ನಂಬರು. ಒಂದೇ ಮೊಹಲ್ಲಾದ ಉಪಕರಣಗಳು ನೇರವಾಗಿ ಮಾತಾಡಿಕೊಳ್ಳುತ್ತವೆ. ಬೇರೆ ಕಡೆಗೆ ಹೋಗಬೇಕಾದ್ದನ್ನೆಲ್ಲ ಗೇಟ್‌ವೇಗೆ, ಅಂದರೆ ನಿಮ್ಮ ರೌಟರ್‌ಗೆ ಒಪ್ಪಿಸುತ್ತವೆ. ಈ ಮಾಸ್ಕ್‌ನಲ್ಲಿ ಒಟ್ಟು 256 ವಿಳಾಸ. ಮೊದಲನೆಯದೂ ಕೊನೆಯದೂ ಮೀಸಲು, ಹಾಗಾಗಿ ಬಳಸಲು ಸಿಗುವುದು 254. ಮನೆಗೆ ಧಾರಾಳ.

ಡಿಎನ್‌ಎಸ್ ಕೆಲಸ ಬೇರೆ. ನೀವು ಟೈಪ್ ಮಾಡುವ ಸೈಟಿನ ಹೆಸರನ್ನು ಅದು ಐಪಿ ವಿಳಾಸಕ್ಕೆ ತಿರುಗಿಸಿಕೊಡುತ್ತದೆ. ಡಿಎನ್‌ಎಸ್ ಕೆಟ್ಟರೆ ನೆಟ್ ಇದ್ದೂ ಇಲ್ಲದಂತೆ ಕಾಣುತ್ತದೆ.

ನನ್ನ ಕಂಪ್ಯೂಟರಿನ ಈಗಿನ ವಿಳಾಸ ನೋಡುವುದು ಹೇಗೆ?

ವಿಂಡೋಸ್‌ನಲ್ಲಿ ಕೀಬೋರ್ಡಿನ ವಿಂಡೋಸ್ ಕೀ ಹಿಡಿದು ಆರ್ ಒತ್ತಿ. ಬರುವ ಸಣ್ಣ ಚೌಕದಲ್ಲಿ ಸಿ, ಎಂ, ಡಿ ಎಂಬ ಮೂರು ಅಕ್ಷರ ಟೈಪ್ ಮಾಡಿ ಎಂಟರ್ ಒತ್ತಿ. ಕಪ್ಪು ಕಿಟಕಿ ತೆರೆಯುತ್ತದೆ. ಅಲ್ಲಿ ಐಪಿಕಾನ್ಫಿಗ್ ಎಂಬ ಆಜ್ಞೆ ಕೊಡಿ: ಐ, ಪಿ, ಸಿ, ಓ, ಎನ್, ಎಫ್, ಐ, ಜಿ, ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ. ಅದರ ಮುಂದೆ ಒಂದು ಜಾಗ ಬಿಟ್ಟು /ಆಲ್ ಎಂದು ಸೇರಿಸಿದರೆ ಪೂರ್ತಿ ವಿವರ ಬರುತ್ತದೆ.

ಪರದೆಯ ಮೇಲೆ ನಾಲ್ಕೈದು ಗುಂಪು ಕಂಡು ಗಾಬರಿಯಾಗಬೇಡಿ. 'ಮೀಡಿಯಾ ಡಿಸ್‌ಕನೆಕ್ಟೆಡ್' ಎಂದಿರುವ ಗುಂಪುಗಳನ್ನು ಬಿಟ್ಟುಬಿಡಿ. ವೈಫೈ ಬಳಸುತ್ತಿದ್ದರೆ ವೈಫೈ ಗುಂಪು, ಕೇಬಲ್ ಹಾಕಿದ್ದರೆ ಈಥರ್ನೆಟ್ ಗುಂಪು. ಅದರಲ್ಲಿ 'ಐಪಿವಿ4 ಅಡ್ರೆಸ್' ಸಾಲಿನ ಮೊದಲ ಎರಡು ಸಂಖ್ಯೆ ನೋಡಿ:

192.168 ಅಥವಾ 10 ಎಂದು ಶುರುವಾದರೆ, ಇಲ್ಲವೇ 172.16ರಿಂದ 172.31ರ ಒಳಗಿದ್ದರೆ ಮನೆಯೊಳಗಿನ ವಿಳಾಸ ಸಿಕ್ಕಿದೆ ಎಂದರ್ಥ. ಇವು ಮೂರೂ ಖಾಸಗಿ ಜಾಲಗಳಿಗೆಂದೇ ಎತ್ತಿಟ್ಟ ವಿಳಾಸಗಳು. 169.254 ಎಂದಿದ್ದರೆ ವಿಳಾಸ ಸಿಕ್ಕಿಲ್ಲ. ಮುಂದಿನ ಪ್ರಶ್ನೆ ಅದರದೇ.

ಕರೆಂಟ್ ಹೋಗಿ ಬಂದ ಮೇಲೆ ವಿಳಾಸ 169.254 ಎಂದು ತೋರಿಸುತ್ತಿದೆ. ಏಕೆ?

ಕಂಪ್ಯೂಟರು ಜಾಲಕ್ಕೆ ಸೇರಿದ ಕೂಡಲೇ 'ನನಗೊಂದು ವಿಳಾಸ ಕೊಡಿ' ಎಂದು ಕೂಗುತ್ತದೆ. ರೌಟರ್‌ನ ಡಿಎಚ್‌ಸಿಪಿ ಎಂಬ ವ್ಯವಸ್ಥೆ ಅದಕ್ಕೆ ಓಗೊಟ್ಟು ವಿಳಾಸ, ಮಾಸ್ಕ್, ಗೇಟ್‌ವೇ, ಡಿಎನ್‌ಎಸ್ ನಾಲ್ಕನ್ನೂ ಒಟ್ಟಿಗೆ ಕೊಡುತ್ತದೆ. ಯಾರೂ ಓಗೊಡದಿದ್ದರೆ ವಿಂಡೋಸ್ ತನಗೆ ತಾನೇ 169.254ರಿಂದ ಶುರುವಾಗುವ ಒಂದು ತಾತ್ಕಾಲಿಕ ವಿಳಾಸ ಹಾಕಿಕೊಳ್ಳುತ್ತದೆ. ಅದರಲ್ಲಿ ಗೇಟ್‌ವೇ ಇರುವುದಿಲ್ಲ, ಆದ್ದರಿಂದ ನೆಟ್ಟೂ ಇಲ್ಲ.

ಕರೆಂಟ್ ಬಂದಾಗ ಆಗುವುದು ಹೀಗೆ. ಕಂಪ್ಯೂಟರ್ ಅರ್ಧ ನಿಮಿಷದಲ್ಲಿ ಎದ್ದು ಕೂರುತ್ತದೆ. ಫೈಬರ್ ಬಾಕ್ಸ್ ಎದ್ದು ಸಿದ್ಧವಾಗಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ನಡುವೆ ಒಂದು ನೆಟ್‌ವರ್ಕ್ ಸ್ವಿಚ್ (ಒಂದು ಕೇಬಲನ್ನು ಹಲವು ಉಪಕರಣಗಳಿಗೆ ಹಂಚುವ ಪೆಟ್ಟಿಗೆ) ಇದ್ದರೆ ಕೇಬಲ್‌ನ ದೀಪ ಉರಿಯುತ್ತಿರುತ್ತದೆ, ಉತ್ತರಿಸುವವರು ಮಾತ್ರ ಇನ್ನೂ ಎದ್ದಿರುವುದಿಲ್ಲ. ವಿಂಡೋಸ್ ಐದು ನಿಮಿಷಕ್ಕೊಮ್ಮೆ ತಾನೇ ಮತ್ತೆ ಕೇಳುತ್ತದೆ, ಹಾಗಾಗಿ ಕಾದರೂ ಸರಿಹೋಗಬಹುದು. ಕಾಯಲಾಗದಿದ್ದರೆ ಕಪ್ಪು ಕಿಟಕಿಯಲ್ಲಿ ಮೊದಲು ಐಪಿಕಾನ್ಫಿಗ್ /ರಿಲೀಸ್, ಆಮೇಲೆ ಐಪಿಕಾನ್ಫಿಗ್ /ರಿನ್ಯೂ ಕೊಡಿ. ಕೇಬಲ್ ಕಿತ್ತು ಹತ್ತು ಸೆಕೆಂಡ್ ಬಿಟ್ಟು ಹಾಕಿದರೂ ಅದೇ ಕೆಲಸ ಆಗುತ್ತದೆ.

ಪದೇ ಪದೇ ಹೀಗಾಗುತ್ತಿದ್ದರೆ ರೌಟರ್‌ಗೊಂದು ಮಿನಿ ಯುಪಿಎಸ್ ಹಾಕಿಸುವುದು ಒಳ್ಳೆಯದು. ಕೊಳ್ಳುವ ಮೊದಲು ರೌಟರ್‌ನ ಅಡಾಪ್ಟರ್ ತಿರುಗಿಸಿ 'ಔಟ್‌ಪುಟ್' ಸಾಲು ಓದಿ. 12 ವೋಲ್ಟ್, 1.5 ಆಂಪ್ ಎಂದಿದ್ದರೆ ಯುಪಿಎಸ್ ಕೂಡ ಸರಿಯಾಗಿ 12 ವೋಲ್ಟ್‌ನದೇ ಆಗಿರಬೇಕು. ಆಂಪ್ ಅಷ್ಟೇ ಅಥವಾ ಹೆಚ್ಚಿರಬಹುದು, ಕಡಿಮೆ ಇರಬಾರದು. 9 ವೋಲ್ಟ್ ರೌಟರ್‌ಗೆ 12 ವೋಲ್ಟ್ ಕೊಟ್ಟರೆ ಅದು ಸುಟ್ಟುಹೋಗಬಹುದು.

ರೌಟರ್ ಪೂರ್ತಿ ಎದ್ದ ಮೇಲೂ 169.254 ಹೋಗದಿದ್ದರೆ ಕೇಬಲ್ ನೋಡಿ. ಅಟ್ಟದ ಮೇಲೆ ಹಾದುಹೋದ ಕೇಬಲನ್ನು ಇಲಿ ಕಡಿದಿರುವುದು, ಕ್ಲಿಪ್ ಮುರಿದು ಪಿನ್ ಸಡಿಲವಾಗಿರುವುದು ಮಾಮೂಲು. ಮನೆಯ ಬೇರೆ ಯಾವ ಫೋನಿಗೂ ವಿಳಾಸ ಸಿಗುತ್ತಿಲ್ಲ ಎಂದಾದರೆ ಮಾತ್ರ ರೌಟರ್‌ನ ಡಿಎಚ್‌ಸಿಪಿ ನಿಂತಿದೆಯೇ ಎಂದು ಅನುಮಾನಿಸಿ.

ಕೈಯಾರೆ ವಿಳಾಸ ಹಾಕಿದರೆ ನೆಟ್ ವೇಗ ಹೆಚ್ಚುತ್ತದೆಯೇ?

ಇಲ್ಲ.

ಹಾಗಾದರೆ ಕಾಯಂ ವಿಳಾಸ ಯಾರಿಗೆ ಬೇಕು?

ಬೇರೆಯವರು ಹುಡುಕಿಕೊಂಡು ಬರುವ ಉಪಕರಣಗಳಿಗೆ. ಪ್ರಿಂಟರ್, ಕ್ಯಾಮೆರಾದ ದೃಶ್ಯ ದಾಖಲಿಸುವ ಡಿವಿಆರ್, ಫೈಲ್ ಹಂಚಿಕೊಳ್ಳುವ ಒಂದು ಹಳೆ ಕಂಪ್ಯೂಟರ್ ಇಂಥವು. ಡಿಎಚ್‌ಸಿಪಿ ಕೊಡುವ ವಿಳಾಸ ಬಾಡಿಗೆಯದು. ಕೆಲವು ರೌಟರ್‌ಗಳಲ್ಲಿ ಅವಧಿ 2 ಗಂಟೆ, ಹಲವದರಲ್ಲಿ 24 ಗಂಟೆ. ಅರ್ಧ ಅವಧಿ ಕಳೆದಾಗ ಉಪಕರಣ ನವೀಕರಿಸಿಕೊಳ್ಳುತ್ತದೆ, ಹಾಗಾಗಿ ಆನ್ ಇರುವವರೆಗೆ ವಿಳಾಸ ಸಾಮಾನ್ಯವಾಗಿ ಬದಲಾಗುವುದಿಲ್ಲ. ಹಬ್ಬಕ್ಕೆ ಊರಿಗೆ ಹೋಗಿ ನಾಲ್ಕು ದಿನ ಪ್ರಿಂಟರ್ ಆಫ್ ಇದ್ದರೆ ಅದರ ವಿಳಾಸ ಬೇರೆ ಫೋನಿಗೆ ಹೋಗಿರಬಹುದು. ವಾಪಸ್ ಬಂದು ಪ್ರಿಂಟ್ ಕೊಟ್ಟರೆ 'ಆಫ್‌ಲೈನ್' ಎನ್ನುವುದು ಅದಕ್ಕೇ.

ಲ್ಯಾಪ್‌ಟಾಪ್‌ಗೆ ಮಾತ್ರ ಕೈಯಾರೆ ಹಾಕಬೇಡಿ. ಕರೆಂಟ್ ಹೋದಾಗ ಫೋನಿನ ಹಾಟ್‌ಸ್ಪಾಟ್‌ಗೆ ಸೇರಿಸುತ್ತೀರಲ್ಲ, ಆಗ ಅದರ ಕಷ್ಟ ತಿಳಿಯುತ್ತದೆ. ಐಫೋನ್ ಹಾಟ್‌ಸ್ಪಾಟ್ 172.20.10ರಿಂದ ಶುರುವಾಗುವ ವಿಳಾಸ ಕೊಡುತ್ತದೆ, ಹಳೆಯ ಆಂಡ್ರಾಯ್ಡ್ ಫೋನುಗಳು 192.168.43ರಿಂದ. ನಿಮ್ಮ ಲ್ಯಾಪ್‌ಟಾಪ್ ಮಾತ್ರ 192.168.1.25 ಎಂದು ಹಟ ಹಿಡಿದು ಕೂತಿರುತ್ತದೆ. ವೈಫೈ ಗುರುತು ತುಂಬಿರುತ್ತದೆ, ಒಂದು ಪುಟವೂ ತೆರೆಯುವುದಿಲ್ಲ. ನಾಳೆ ಪರೀಕ್ಷೆಯ ಅರ್ಜಿ ಹಾಕಲು ಕೊನೆಯ ದಿನ ಎನ್ನುವಾಗ ಈ ತೊಂದರೆ ಬಂದರೆ ಮಕ್ಕಳು ಕಂಗಾಲಾಗುತ್ತಾರೆ.

ರೌಟರ್‌ನಲ್ಲೇ ವಿಳಾಸ ಕಾಯ್ದಿರಿಸುವುದು ಹೇಗೆ?

ಐಪಿಕಾನ್ಫಿಗ್ ತೋರಿಸಿದ 'ಡಿಫಾಲ್ಟ್ ಗೇಟ್‌ವೇ' ಸಂಖ್ಯೆಯನ್ನು ಬ್ರೌಸರ್‌ನ ಮೇಲಿನ ಪಟ್ಟಿಯಲ್ಲಿ ಟೈಪ್ ಮಾಡಿ. ಜಿಯೋಫೈಬರ್ ಬಾಕ್ಸ್‌ನಲ್ಲಿ ಅದು 192.168.29.1, ಟಿಪಿ-ಲಿಂಕ್, ಡಿ-ಲಿಂಕ್ ರೌಟರ್‌ಗಳಲ್ಲಿ ಹೆಚ್ಚಾಗಿ 192.168.0.1 ಅಥವಾ 192.168.1.1. 'ಸುರಕ್ಷಿತವಲ್ಲ' ಎಂಬ ಎಚ್ಚರಿಕೆ ಬಂದರೂ ಮುಂದುವರಿಯಿರಿ, ಅದು ನಿಮ್ಮ ಮನೆಯದೇ ಪೆಟ್ಟಿಗೆ. ಹೆಸರು, ಪಾಸ್‌ವರ್ಡ್ ಹೆಚ್ಚಾಗಿ ರೌಟರ್‌ನ ಅಡಿಯ ಸ್ಟಿಕ್ಕರ್‌ನಲ್ಲಿರುತ್ತವೆ. ವೈಫೈ ಪಾಸ್‌ವರ್ಡ್ ಬೇರೆ, ಈ ಪಾಸ್‌ವರ್ಡ್ ಬೇರೆ.

ಒಳಗೆ ಹೋದ ಮೇಲೆ ಡಿಎಚ್‌ಸಿಪಿ ಎಂಬ ಪುಟ ಹುಡುಕಿ. ಲ್ಯಾನ್ ಅಥವಾ ನೆಟ್‌ವರ್ಕ್ ಎಂಬುದರ ಅಡಿಯಲ್ಲಿರುತ್ತದೆ. ಅಲ್ಲೇ 'ಅಡ್ರೆಸ್ ರಿಸರ್ವೇಶನ್' ಅಥವಾ 'ಸ್ಟ್ಯಾಟಿಕ್ ಲೀಸ್' ಎಂಬ ಜಾಗವಿದೆ. ಉಪಕರಣದ ಮ್ಯಾಕ್ ವಿಳಾಸವನ್ನೂ ಕೊಡಬೇಕಾದ ಐಪಿಯನ್ನೂ ಜೋಡಿಯಾಗಿ ತುಂಬಿ ಸೇವ್ ಮಾಡಿ, ಉಪಕರಣವನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಮ್ಯಾಕ್ ವಿಳಾಸ ಅಂದರೆ ಜಾಲದಲ್ಲಿ ಉಪಕರಣದ ಗುರುತಿನ ಸಂಖ್ಯೆ: ಎರಡೆರಡರಂತೆ ಆರು ಜೋಡಿ, ಒಟ್ಟು 12 ಅಕ್ಷರ-ಅಂಕಿ. ವಿಂಡೋಸ್‌ನಲ್ಲಿ ಐಪಿಕಾನ್ಫಿಗ್ /ಆಲ್ ಕೊಟ್ಟಾಗ 'ಫಿಸಿಕಲ್ ಅಡ್ರೆಸ್' ಎಂದು ಬರುವುದೇ ಅದು. ವೈಫೈಗೆ ಒಂದು, ಕೇಬಲ್‌ಗೆ ಇನ್ನೊಂದು ಇರುತ್ತದೆ. ಯಾವುದರಿಂದ ಸೇರಿದ್ದೀರೋ ಅದನ್ನೇ ತುಂಬಿ.

ಫೋನಿಗೆ ಕಾಯ್ದಿರಿಸಿದರೂ ವಿಳಾಸ ನಿಲ್ಲದಿದ್ದರೆ ಕಾರಣ ಬೇರೆ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಈಚೆಗೆ ಫೋನುಗಳು ಪ್ರತಿ ವೈಫೈಗೂ ಒಂದು ಸುಳ್ಳು ಮ್ಯಾಕ್ ತೋರಿಸುತ್ತವೆ. ಮನೆಯ ವೈಫೈಗೆ ಮಾತ್ರ ಆ ಆಯ್ಕೆ ತೆಗೆದು, ಫೋನಿನ ನಿಜವಾದ ಮ್ಯಾಕ್ ಬಳಸುವಂತೆ ಮಾಡಿ.

ಕಂಪ್ಯೂಟರ್‌ನಲ್ಲೇ ಹಾಕಬೇಕಾದ ಸಂದರ್ಭ ಬಂದರೆ?

ಕೆಲವು ಬಡಾವಣೆಗಳಲ್ಲಿ ಕೇಬಲ್ ಟಿವಿಯವರೇ ನೆಟ್ ಕೊಟ್ಟು, ಚೀಟಿಯಲ್ಲಿ ಐಪಿ ಬರೆದುಕೊಟ್ಟು ಹೋಗುತ್ತಾರೆ. ಅಂಥಲ್ಲಿ ಬೇರೆ ದಾರಿಯಿಲ್ಲ. ಚೀಟಿಯ ಫೋಟೊ ತೆಗೆದಿಟ್ಟುಕೊಂಡು ಮುಂದುವರಿಯಿರಿ.

ವಿಂಡೋಸ್ 11ರಲ್ಲಿ ಸೆಟಿಂಗ್ಸ್ ತೆರೆದು 'ನೆಟ್‌ವರ್ಕ್ ಅಂಡ್ ಇಂಟರ್ನೆಟ್' ಒಳಗೆ ಹೋಗಿ. ಕೇಬಲ್ ಆದರೆ 'ಈಥರ್ನೆಟ್' ಅಷ್ಟೇ ಸಾಕು; ವೈಫೈ ಆದರೆ 'ವೈಫೈ', ಆಮೇಲೆ 'ಹಾರ್ಡ್‌ವೇರ್ ಪ್ರಾಪರ್ಟೀಸ್'. 'ಐಪಿ ಅಸೈನ್‌ಮೆಂಟ್' ಪಕ್ಕದ 'ಎಡಿಟ್' ಒತ್ತಿ, 'ಮ್ಯಾನ್ಯುಯಲ್' ಆರಿಸಿ, ಐಪಿವಿ4 ಸ್ವಿಚ್ ಆನ್ ಮಾಡಿ. ರೌಟರ್ 192.168.1.1 ಆಗಿದ್ದು ಚೀಟಿಯೇನೂ ಇಲ್ಲದಿದ್ದರೆ ಹೀಗೆ ತುಂಬಬಹುದು:

ಐಪಿ ಅಡ್ರೆಸ್: 192.168.1.20
ಸಬ್‌ನೆಟ್ ಮಾಸ್ಕ್: 255.255.255.0
ಗೇಟ್‌ವೇ: 192.168.1.1
ಪ್ರಿಫರ್ಡ್ ಡಿಎನ್‌ಎಸ್: 192.168.1.1
ಆಲ್ಟರ್ನೇಟ್ ಡಿಎನ್‌ಎಸ್: 8.8.8.8

ಇಲ್ಲಿ ಹೆಚ್ಚು ಜನ ಎಡವುವುದು ವಿಂಡೋಸ್ 10ರಲ್ಲಿ. ಅದರ ಸೆಟಿಂಗ್ಸ್ ಕಿಟಕಿ 'ಸಬ್‌ನೆಟ್ ಪ್ರಿಫಿಕ್ಸ್ ಲೆಂತ್' ಎಂದು ಕೇಳುತ್ತದೆ. ಅಲ್ಲಿ 255.255.255.0 ಹಾಕಿದರೆ ಸೇವ್ ಆಗುವುದೇ ಇಲ್ಲ, ಯಾವುದು ತಪ್ಪೆಂದು ಸಂದೇಶವೂ ಬಿಡಿಸಿ ಹೇಳುವುದಿಲ್ಲ. ಅಲ್ಲಿ ಬರೆಯಬೇಕಾದ್ದು ಬರೀ 24. ಎಂಟೆಂಟು ಬಿಟ್‌ಗಳ ಮೂರು ಭಾಗ ತುಂಬಿದೆ ಎನ್ನುವುದನ್ನೇ ಅದು ಹೇಳುತ್ತದೆ.

ಹಳೆಯ ಕಿಟಕಿಯೇ ಅಭ್ಯಾಸವಿದ್ದವರು ವಿಂಡೋಸ್ ಕೀ ಜೊತೆ ಆರ್ ಒತ್ತಿ ಎನ್, ಸಿ, ಪಿ, ಎ, ಚುಕ್ಕಿ, ಸಿ, ಪಿ, ಎಲ್ ಎಂದು ಟೈಪ್ ಮಾಡಿದರೆ ಅದು ಈಗಲೂ ತೆರೆಯುತ್ತದೆ. ಅಡಾಪ್ಟರ್ ಮೇಲೆ ಬಲಕ್ಲಿಕ್, 'ಪ್ರಾಪರ್ಟೀಸ್', ಪಟ್ಟಿಯಲ್ಲಿ 'ಐಪಿವಿ4' ಮೇಲೆ ಎರಡು ಸಲ ಕ್ಲಿಕ್. ಮತ್ತೆ ಆಟೊಮ್ಯಾಟಿಕ್‌ಗೆ ಮರಳುವಾಗ ವಿಳಾಸ, ಡಿಎನ್‌ಎಸ್ ಎರಡು ಗುಂಡಿಗಳನ್ನೂ ಬದಲಾಯಿಸಬೇಕು. ಹಲವರು ಮೇಲಿನದನ್ನು ಮಾತ್ರ ಬದಲಿಸಿ ಕೆಳಗಿನದನ್ನು ಮರೆಯುತ್ತಾರೆ.

ವಿಂಡೋಸ್ ಬದಲು ಉಬುಂಟು ಇದ್ದರೆ?

ಸೆಟಿಂಗ್ಸ್, ನೆಟ್‌ವರ್ಕ್, ಸಂಪರ್ಕದ ಪಕ್ಕದ ಹಲ್ಲುಚಕ್ರ, ಐಪಿವಿ4 ಪುಟ, 'ಮ್ಯಾನ್ಯುಯಲ್'. ತುಂಬಿ 'ಅಪ್ಲೈ' ಒತ್ತಿದ ಮೇಲೆ ಸಂಪರ್ಕವನ್ನು ಒಮ್ಮೆ ಆಫ್ ಮಾಡಿ ಆನ್ ಮಾಡದಿದ್ದರೆ ಹಳೆಯ ವಿಳಾಸವೇ ಉಳಿದಿರುತ್ತದೆ.

'ಐಪಿ ಅಡ್ರೆಸ್ ಕಾನ್‌ಫ್ಲಿಕ್ಟ್' ಎಂದು ಬರುತ್ತಿದೆ.

ಒಂದೇ ನಂಬರಿನ ಎರಡು ಮನೆ ಆಗಿದೆ. ನೀವು ಪ್ರಿಂಟರ್‌ಗೆ ಕೈಯಾರೆ 192.168.1.105 ಹಾಕಿದ್ದೀರಿ, ರೌಟರ್‌ಗೆ ಅದು ಗೊತ್ತಿಲ್ಲ, ಅದೇ ನಂಬರನ್ನು ಮನೆಗೆ ಬಂದ ನೆಂಟರ ಫೋನಿಗೆ ಕೊಟ್ಟಿದೆ. ಒಮ್ಮೆ ಇದು ಕೆಲಸ ಮಾಡುತ್ತದೆ, ಒಮ್ಮೆ ಅದು.

ರೌಟರ್‌ನ ಡಿಎಚ್‌ಸಿಪಿ ಪುಟದಲ್ಲಿ ಶುರು, ಕೊನೆ ಎಂಬ ಎರಡು ಸಂಖ್ಯೆ ಇರುತ್ತವೆ. ಅವು 2 ಮತ್ತು 254 ಆಗಿದ್ದರೆ 100 ಮತ್ತು 200 ಮಾಡಿ. 2ರಿಂದ 99ರವರೆಗೆ ಕೈಯಾರೆ ಹಾಕುವವರಿಗೆ ಖಾಲಿ ಬಿಡಿ. ಪ್ರಿಂಟರ್ 20, ಡಿವಿಆರ್ 30 ಎಂದು ಹತ್ತರ ಲೆಕ್ಕದಲ್ಲಿ ಹಂಚಿದರೆ ನೆನಪಿಗೂ ಸುಲಭ.

ನೆಟ್ ಕಂಪನಿ ಬದಲಾಯಿಸಿದೆವು. ಈಗ ಪ್ರಿಂಟರ್ ಇಲ್ಲ, ಕ್ಯಾಮೆರಾ ಇಲ್ಲ. ಕೆಟ್ಟುಹೋದವೇ?

ಕೆಟ್ಟಿಲ್ಲ, ಹಳೆಯ ಮೊಹಲ್ಲಾದಲ್ಲೇ ಉಳಿದಿವೆ. ಹಳೆ ಬಾಕ್ಸ್ 192.168.1.1, ಹೊಸದು 192.168.29.1 ಎನ್ನಿ. ಫೋನು, ಲ್ಯಾಪ್‌ಟಾಪು ಆಟೊಮ್ಯಾಟಿಕ್ ಇದ್ದುದರಿಂದ ತಾವೇ ಹೊಸ ವಿಳಾಸಕ್ಕೆ ಬಂದವು. ಕ್ಯಾಮೆರಾ ಹಾಕಿದವರು ಡಿವಿಆರ್‌ಗೆ 192.168.1.30 ಎಂದು ಕೈಯಾರೆ ಹಾಕಿ ಹೋಗಿದ್ದರು, ಅದು ಅಲ್ಲೇ ನಿಂತಿದೆ.

ಎರಡು ದಾರಿಗಳಿವೆ. ಹೊಸ ಬಾಕ್ಸ್‌ನಲ್ಲಿ ಅವಕಾಶ ಇದ್ದರೆ ಅದರ ಲ್ಯಾನ್ (ಮನೆಯೊಳಗಿನ) ವಿಳಾಸವನ್ನೇ ಹಳೆಯ 192.168.1.1ಕ್ಕೆ ಬದಲಿಸಿ, ಎಲ್ಲವೂ ಒಟ್ಟಿಗೆ ವಾಪಸ್ ಬರುತ್ತವೆ. ಅವಕಾಶ ಇಲ್ಲದಿದ್ದರೆ ಕೇಬಲ್‌ನಲ್ಲಿರುವ ಒಂದು ಕಂಪ್ಯೂಟರ್‌ಗೆ ತಾತ್ಕಾಲಿಕವಾಗಿ 192.168.1.50, ಮಾಸ್ಕ್ 255.255.255.0 ಹಾಕಿ. ಗೇಟ್‌ವೇ ಬೇಡ, ವಿಂಡೋಸ್ 11ರ ಹೊಸ ಕಿಟಕಿ ಖಾಲಿ ಬಿಡಲು ಒಪ್ಪದಿದ್ದರೆ ಹಳೆಯ ಕಿಟಕಿಯಿಂದ ಹಾಕಿ. ಆಗ ಬ್ರೌಸರ್‌ನಲ್ಲಿ 192.168.1.30 ತೆರೆಯುತ್ತದೆ. ಡಿವಿಆರ್‌ನ ನೆಟ್‌ವರ್ಕ್ ಪುಟದಲ್ಲಿ ಡಿಎಚ್‌ಸಿಪಿ ಟಿಕ್ ಮಾಡಿ ಸೇವ್ ಮಾಡಿ, ಕಂಪ್ಯೂಟರನ್ನು ಆಟೊಮ್ಯಾಟಿಕ್‌ಗೆ ಮರಳಿಸಿ, ಡಿವಿಆರ್‌ನ ವಿಳಾಸವನ್ನು ಹೊಸ ರೌಟರ್‌ನಲ್ಲಿ ಕಾಯ್ದಿರಿಸಿ. ಇದಕ್ಕಾಗಿ ಯಾರನ್ನೂ ದುಡ್ಡು ಕೊಟ್ಟು ಕರೆಸಬೇಕಿಲ್ಲ.

ನಮ್ಮದು ಅಗ್ರಹಾರದ ಹಳೆ ಮನೆ, ಗೋಡೆ ದಪ್ಪ. ಹಿತ್ತಲ ಕೋಣೆಗೆ ಎರಡನೇ ರೌಟರ್ ಹಾಕಿದ ಮೇಲೆ ಎಲ್ಲ ಎಡವಟ್ಟಾಗಿದೆ.

ಬಹುಶಃ ಎರಡು ರೌಟರ್‌ಗಳೂ ವಿಳಾಸ ಹಂಚುತ್ತಿವೆ. ಎರಡೂ 192.168.1.1 ಆಗಿದ್ದರಂತೂ ಯಾವ ಕಡೆ ಹೋಗಬೇಕೆಂದು ಎರಡನೆಯದಕ್ಕೇ ತಿಳಿಯುವುದಿಲ್ಲ. ಎರಡನೇ ರೌಟರ್‌ನಲ್ಲಿ 'ಆಕ್ಸೆಸ್ ಪಾಯಿಂಟ್ ಮೋಡ್' ಇದ್ದರೆ ಅದನ್ನು ಆರಿಸಿ, ಅಲ್ಲಿಗೆ ಕೆಲಸ ಮುಗಿಯಿತು.

ಇಲ್ಲದಿದ್ದರೆ ಕ್ರಮ ಮುಖ್ಯ. ಮೊದಲು ಎರಡನೆಯದನ್ನು ಒಂಟಿಯಾಗಿ ಕಂಪ್ಯೂಟರ್‌ಗೆ ಜೋಡಿಸಿ ಅದರ ಲ್ಯಾನ್ ವಿಳಾಸವನ್ನು 192.168.1.2 ಮಾಡಿ. ಅದು ಮರುಚಾಲನೆಯಾದ ಮೇಲೆ ಹೊಸ ವಿಳಾಸದಲ್ಲೇ ಒಳಹೋಗಿ ಡಿಎಚ್‌ಸಿಪಿ ಆಫ್ ಮಾಡಿ. ಕೊನೆಗೆ ಮುಖ್ಯ ರೌಟರ್‌ನಿಂದ ಬಂದ ಕೇಬಲನ್ನು ಎರಡನೆಯದರ ಲ್ಯಾನ್ ತೂತಿಗೆ ಹಾಕಿ. ಬೇರೆ ಬಣ್ಣದ ವ್ಯಾನ್ (ಹೊರಗಿನ ಸಂಪರ್ಕದ) ತೂತನ್ನು ಖಾಲಿ ಬಿಡಬೇಕು. ಆಗ ನಡುಮನೆಯ ಕಂಪ್ಯೂಟರೂ ಹಿತ್ತಲ ಕೋಣೆಯ ಪ್ರಿಂಟರೂ ಒಂದೇ ಜಾಲದಲ್ಲಿರುತ್ತವೆ.

ಡಿಎನ್‌ಎಸ್‌ಗೆ 8.8.8.8 ಹಾಕಿ ಅನ್ನುತ್ತಾರಲ್ಲ, ಹಾಕಲೇ?

ಕಂಪನಿಯ ಡಿಎನ್‌ಎಸ್ ಆಗಾಗ ಮಂಕಾಗುತ್ತಿದ್ದರೆ ಹಾಕಿ. 8.8.8.8 ಮತ್ತು 8.8.4.4 ಗೂಗಲ್‌ನವು, 1.1.1.1 ಮತ್ತು 1.0.0.1 ಕ್ಲೌಡ್‌ಫ್ಲೇರ್‌ನವು. ಪುಟ ತೆರೆಯಲು ಶುರುವಾಗುವ ಮೊದಲ ಕ್ಷಣ ಚುರುಕಾಗಬಹುದು. ಡೌನ್‌ಲೋಡ್ ವೇಗ ಬದಲಾಗದು. ವಿಂಡೋಸ್ 11ರಲ್ಲಿ 'ಡಿಎನ್‌ಎಸ್ ಸರ್ವರ್ ಅಸೈನ್‌ಮೆಂಟ್' ಬೇರೆಯೇ ಇದೆ, ಆದ್ದರಿಂದ ಐಪಿ ಮುಟ್ಟದೆ ಇದನ್ನಷ್ಟೇ ಬದಲಿಸಬಹುದು. ಬದಲಿಸಿದ ಮೇಲೆ ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್ ಕೊಡಿ.

ಹೊರಗಿನಿಂದ ಮನೆಯ ಕ್ಯಾಮೆರಾ ನೋಡಲು ಪೋರ್ಟ್ ಫಾರ್ವರ್ಡ್ (ಹೊರಗಿನ ಕರೆಯನ್ನು ರೌಟರ್ ಒಳಗಿನ ಉಪಕರಣಕ್ಕೆ ದಾಟಿಸುವುದು) ಮಾಡಿದರೂ ಆಗುತ್ತಿಲ್ಲ.

ರೌಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ ನೋಡಿ. ಅದು 100.64ರಿಂದ 100.127ರ ಒಳಗಿದ್ದರೆ, ಅಥವಾ 10ರಿಂದ ಶುರುವಾದರೆ, ಕಂಪನಿ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ. ಹೊರಗಿನಿಂದ ಬಂದ ಕರೆ ಕಂಪನಿಯ ಬಾಗಿಲಲ್ಲೇ ನಿಲ್ಲುತ್ತದೆ. ನಿಮ್ಮ ರೌಟರ್‌ನಲ್ಲಿ ಏನು ಬದಲಿಸಿದರೂ ಫಲವಿಲ್ಲ. ಡಿವಿಆರ್ ಕಂಪನಿಯ ಆ್ಯಪ್‌ನಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ನೋಡುವ ದಾರಿ ಬಳಸಿ, ಅಥವಾ ಕಂಪನಿಯಿಂದ ಹಣ ಕೊಟ್ಟು ಸ್ಟ್ಯಾಟಿಕ್ ಐಪಿ ಪಡೆಯಿರಿ. ಕಂಪನಿ ಮಾರುವ ಈ ಸ್ಟ್ಯಾಟಿಕ್ ಐಪಿಯೂ ನೀವು ಪ್ರಿಂಟರ್‌ಗೆ ಹಾಕುವ ಕಾಯಂ ಐಪಿಯೂ ಬೇರೆ ಬೇರೆ. ಪ್ರಿಂಟರ್‌ಗೆ ಕಾಸು ಕೊಡಬೇಕಿಲ್ಲ.

ಐಪಿವಿ6 ಆಫ್ ಮಾಡಬೇಕೇ?

ಬೇಡ. ಅದು ಐಪಿ ವಿಳಾಸದ ಹೊಸ ಮಾದರಿ. ಎಫ್‌ಇ80 ಎಂದು ಶುರುವಾಗುವ ಉದ್ದ ವಿಳಾಸ ಕಂಡರೆ ಅದು ತೊಂದರೆಯ ಗುರುತಲ್ಲ; ಐಪಿವಿ6 ಇರುವ ಪ್ರತಿ ಉಪಕರಣಕ್ಕೂ ಇರುತ್ತದೆ.

ವಿಳಾಸ ಸರಿಯಾಗಿದೆ, ಆದರೂ ಸೈಟ್ ತೆರೆಯುತ್ತಿಲ್ಲ.

ಕಪ್ಪು ಕಿಟಕಿಯಲ್ಲಿ ಪಿಂಗ್ ಆಜ್ಞೆ ಕೊಟ್ಟು ಒಳಗಿನಿಂದ ಹೊರಕ್ಕೆ ಹೆಜ್ಜೆ ಹೆಜ್ಜೆಯಾಗಿ ಹೋಗಿ. ಮೊದಲು 127.0.0.1: ಇದು ನಿಮ್ಮದೇ ಯಂತ್ರ. ಆಮೇಲೆ ಗೇಟ್‌ವೇ: ಉತ್ತರ ಬರದಿದ್ದರೆ ಕೇಬಲ್ ಅಥವಾ ವೈಫೈ ದೋಷ. ಆಮೇಲೆ 8.8.8.8: ಗೇಟ್‌ವೇ ಉತ್ತರಿಸಿ ಇದು ಉತ್ತರಿಸದಿದ್ದರೆ ತೊಂದರೆ ಹೊರಗಿದೆ, ಈಗ ಕಂಪನಿಗೆ ಫೋನ್ ಮಾಡಿ. ಕೊನೆಗೆ ಒಂದು ಸೈಟಿನ ಹೆಸರು: 8.8.8.8 ಬಂದು ಹೆಸರು ಬರದಿದ್ದರೆ ಡಿಎನ್‌ಎಸ್.

ನಾಲ್ಕೂ ಸರಿಯಿದ್ದು ಬ್ರೌಸರ್ ಮಾತ್ರ ಪ್ರಮಾಣಪತ್ರದ ತಪ್ಪು ಎಂದರೆ ಪರದೆಯ ಮೂಲೆಯ ತಾರೀಖು ನೋಡಿ. ಹಳೆ ಡೆಸ್ಕ್‌ಟಾಪ್‌ನ ಮದರ್‌ಬೋರ್ಡ್ ಮೇಲಿನ 3 ವೋಲ್ಟ್‌ನ ಸಿಆರ್2032 ಬಟನ್ ಸೆಲ್ ಸತ್ತಿದ್ದರೆ ಕರೆಂಟ್ ಹೋದಾಗಲೆಲ್ಲ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ಸೆಲ್ ಬದಲಿಸಿದರೆ ಸಾಕು. ಯಾವುದೋ ಆಫೀಸ್ ಕೆಲಸಕ್ಕೆ ಹಾಕಿದ ಪ್ರಾಕ್ಸಿ (ನಡುವೆ ನಿಂತು ಪುಟ ತಂದುಕೊಡುವ ಸರ್ವರ್) ಹಾಗೇ ಉಳಿದಿದ್ದರೂ ಪಿಂಗ್ ಸರಿಯಿದ್ದು ಸೈಟ್ ಮಾತ್ರ ತೆರೆಯುವುದಿಲ್ಲ. ಸೆಟಿಂಗ್ಸ್‌ನ ನೆಟ್‌ವರ್ಕ್ ಪುಟದಲ್ಲೇ ಪ್ರಾಕ್ಸಿ ಇದೆ, ಆಫ್ ಮಾಡಿ.

ಏನೂ ಆಗದಿದ್ದರೆ ರೌಟರ್‌ನ ರೀಸೆಟ್ ಒತ್ತಿಬಿಡಲೇ?

ಆಫ್ ಮಾಡಿ ಆನ್ ಮಾಡುವುದು ಬೇರೆ, ಸೂಜಿತೂತಿನ ರೀಸೆಟ್ ಬೇರೆ. ಆ ತೂತಿಗೆ ಪಿನ್ ಹಾಕಿ ಹತ್ತು ಸೆಕೆಂಡ್ ಒತ್ತಿದರೆ ವೈಫೈ ಹೆಸರು, ಕಾಯ್ದಿರಿಸಿದ ವಿಳಾಸ ಎಲ್ಲ ಅಳಿಸಿಹೋಗುತ್ತವೆ. ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಕಂಪನಿಯ ಜಾಲಕ್ಕೆ ಸೇರುವ ವಿಧಾನ) ಬಳಸುವ ಸಂಪರ್ಕಗಳಲ್ಲಿ, ಫೈಬರ್ ಹಾಕಿದವರು ತುಂಬಿದ್ದ ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ (ಕಂಪನಿಯ ಜಾಲದೊಳಗಿನ ವಿಭಾಗದ) ಸಂಖ್ಯೆಯೂ ಹೋಗುತ್ತವೆ. ಶನಿವಾರ ಸಂಜೆ ಒತ್ತಿದರೆ ಸೋಮವಾರ ತಂತ್ರಜ್ಞ ಬರುವವರೆಗೆ ಮನೆಯಲ್ಲಿ ಯಾರಿಗೂ ನೆಟ್ ಇರುವುದಿಲ್ಲ. ರೌಟರ್‌ನ ವ್ಯಾನ್ ಪುಟ, ಲ್ಯಾನ್ ಪುಟ, ಕಾಯ್ದಿರಿಸಿದ ವಿಳಾಸಗಳ ಪಟ್ಟಿ, ಈ ಮೂರರ ಫೋಟೊ ಫೋನಿನಲ್ಲಿದ್ದು, ಪಿಪಿಪಿಒಇ ಪಾಸ್‌ವರ್ಡ್ ಬೇರೆ ಕಾಗದದಲ್ಲಿ ಬರೆದಿಟ್ಟಿದ್ದರೆ ಮಾತ್ರ ಒತ್ತಿ. ಪಾಸ್‌ವರ್ಡ್ ಬರೆದಿಡಲು ಹೇಳಿದ್ದು ಏಕೆಂದರೆ ಫೋಟೊದಲ್ಲಿ ಅದು ಬರೀ ಚುಕ್ಕಿಗಳಾಗಿ ಕಾಣುತ್ತದೆ.